ಅವನ ಹೆಸರಿನ ಡಬ್ಬಿ

ವ್ರತದ ಫಲದ ಮಾತು ಬಂತಲ್ಲ, ಅದಕ್ಕೇ ಇದನ್ನು ಕೇಳಿ. ಒಂದೂರಲ್ಲಿ ಅಕ್ಕಿ ಗಿರಣಿಯ ಶ್ರೀಮಂತನೊಬ್ಬನಿದ್ದ. ಅವನ ಪಾಲಿನ ಏಕಾದಶಿ, ಸಂಕಷ್ಟಿ ಎಲ್ಲವನ್ನೂ ಹೆಂಡತಿಯೇ ಮಾಡುತ್ತಿದ್ದಳು. ಅವಳು ಹಸಿದಿರುತ್ತಿದ್ದಳು, ಅವನು ಉಣ್ಣುತ್ತಿದ್ದ.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಬಂದು ಅವನ ಹೆಸರು ಬರೆದ ಪುಟ್ಟ ಡಬ್ಬಿ ಕೊಟ್ಟಳು. "ಐವತ್ತು ದಾಟಿದವರಿಗೆಲ್ಲ ಕೊಡ್ತಿದೀವಿ ಯಜಮಾನ್ರೇ. ಬೆಳಿಗ್ಗೆ ಚೂರು ಮಲ ಇದರಲ್ಲಿ ಹಾಕಿ ಕೊಡಿ. ಕರುಳಲ್ಲಿ ಕ್ಯಾನ್ಸರ್ ಇದ್ರೆ ಕಣ್ಣಿಗೆ ಕಾಣದ ರಕ್ತ ಸಿಗಬಹುದು. ಬೇಗ ಗೊತ್ತಾದ್ರೆ ವಾಸಿ ಮಾಡಬಹುದು."

ಅವಳು ಹೋದ ಮೇಲೆ ಅವನು ಡಬ್ಬಿಯನ್ನು ಹೆಂಡತಿಯತ್ತ ಚಾಚಿದ. "ಥೂ, ಇದನ್ನ ನಾನು ಹಿಡ್ಕೊಂಡು ಹೋಗ್ಲಾ? ನಿಂದೇ ಹಾಕಿ ಕೊಟ್ಬಿಡೇ."

"ಅಯ್ಯೋ, ಹೆಸರು ನಿಮ್ದಲ್ವಾ?"

"ನನ್ನ ಉಪವಾಸ ನೀನು ಮಾಡಲ್ವಾ? ಹಂಗೇ ಇದೂ."

ಅವಳಿಗೆ ನಗು ಬಂತು. ನೋಡಿ, ನಗು ಬಂತು. ಕೊಟ್ಟಳು.

ದೋಷವಿಲ್ಲ ಎಂಬ ಚೀಟಿ ಬಂತು. ಗಿರಣಿಗೆ ಬಂದವರಿಗೆಲ್ಲ ಅವನು ಅದನ್ನು ತೋರಿಸಿದ. ತೋರಿಸಿ ತೋರಿಸಿ, ಅದು ತನ್ನದೇ ಎಂದು ನಂಬಿದ. ವರ್ಷ ಕಳೆದು ಮಲದಲ್ಲಿ ರಕ್ತ ಕಣ್ಣಿಗೇ ಕಂಡಾಗಲೂ, "ಉಷ್ಣ ಕಣೇ, ಪರೀಕ್ಷೆ ಆಗಿದೆಯಲ್ಲ" ಎಂದು ಮಜ್ಜಿಗೆ ಕುಡಿದ. ಪರೀಕ್ಷೆ ಆಗಿದ್ದು ತನ್ನದಕ್ಕೆ ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಲೋಟ ಕೊಡುವಾಗಲೂ ಹೇಳಬೇಕು ಅಂದುಕೊಂಡಳು. ಹೇಳಲಿಲ್ಲ.

ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಕರುಳಿನ ಕ್ಯಾನ್ಸರ್ ಲಿವರಿಗೆ ಹಬ್ಬಿತ್ತು. ಡಾಕ್ಟರು ಚೀಟಿ ನೋಡಿ, "ಆಗ ಏನೂ ಇರ್ಲಿಲ್ವಲ್ಲ?" ಎಂದರು. ಅವನು ಗೋಡೆ ನೋಡಿದ.

"ಅದು ನಂದು ಡಾಕ್ಟ್ರೇ," ಎಂದಳು ಅವಳು.

ಡಾಕ್ಟರು ಪೆನ್ನು ಕೆಳಗಿಟ್ಟರು.

ಮೂರು ತಿಂಗಳಿಗೆ ಅವನು ಹೋದ. ಅವಳು ಆರೋಗ್ಯವಾಗಿದ್ದಾಳೆ. ಇನ್ನೂ ಎಷ್ಟು ವರ್ಷ ಹೀಗೆ ಒಬ್ಬಳೇ ಇರಬೇಕೋ.

ಗಂಡನ ಆಯುಷ್ಯಕ್ಕಾಗಿ ನೀನು ಹಸಿದಿರು ಎಂದು ಅವಳಿಗೆ ಹೇಳಿಕೊಟ್ಟವರು ಯಾರು? ಇಲ್ಲಿ ಕೂತು ಪುರಾಣ ಹೇಳುವ ನಮ್ಮಂಥವರು. ಅವನ ಮೈಯ ಬದಲು ಅವಳ ಮೈ ನಿಲ್ಲಲಾರದು ಎಂದು ಮಾತ್ರ ಹೇಳಲಿಲ್ಲ. ಈಗ ಹೇಳಿದರೆ ಅವನು ಎದ್ದು ಬರುತ್ತಾನೆಯೇ? ಇಲ್ಲ.

ನಿಮ್ಮಲ್ಲಿ ಎಷ್ಟು ಜನರ ಬಚ್ಚಲ ಗೂಡಿನಲ್ಲಿ ಅಂಥ ಡಬ್ಬಿ ಖಾಲಿ ಬಿದ್ದಿದೆ? ನಾಳೆ ಬೆಳಿಗ್ಗೆ ನೀವೇ ತುಂಬಿ, ನಿಮ್ಮ ಕೈಯಾರೆ ಕೊಟ್ಟು ಬನ್ನಿ. ಏನೂ ಆಗಿಲ್ಲ ಅನ್ನುವವರೂ ಕೊಡಿ. ರಕ್ತ ಕಂಡವರು ಡಬ್ಬಿಗೂ ಕಾಯಬೇಡಿ, ಡಾಕ್ಟರ ಬಳಿ ಹೋಗಿ. ತಾಯಂದಿರೇ, ಗಂಡಂದಿರು ಡಬ್ಬಿಯನ್ನು ನಿಮ್ಮತ್ತ ಚಾಚಿದರೆ ಕೈ ಕಟ್ಟಿ ನಿಂತುಬಿಡಿ. ನಾಚಿಕೆಯಾಗುತ್ತದೆಯೇ? ಆಗಲಿ. ನಾಚಿಕೊಂಡೇ ಕೊಡಿ.