ಹುಲಿಯಪ್ಪನ ಮುಖ ಕರಗಿಸಿದ ಉಜ್ಜನಪ್ಪನವರು

ಶಾಮಿಯಾನದ ನೆರಳಲ್ಲಿ ಕೂತಿರುವ, ಜಾಗ ಸಿಗದೆ ತಮ್ಮ ತಮ್ಮ ಸ್ಕೂಟರಿನ ಮೇಲೇ ಕೂತಿರುವ ಎಲ್ಲರಿಗೂ ಕೈ ಮುಗಿಯುತ್ತೇನೆ. ಮೊದಲ ಸಾಲಿನಲ್ಲಿರುವ, ಉಜ್ಜನಪ್ಪನವರ ಧರ್ಮಪತ್ನಿ ಉಚ್ಚಂಗಮ್ಮನವರೇ, ಮಗಳು ರಶ್ಮಿತಾ ಅವರೇ — ನಿಮ್ಮ ಮನೆಯ ದುಃಖಕ್ಕೆ ಇವತ್ತು ಪಿ.ಬಿ. ರಸ್ತೆಯ ಅಂಗಡಿಗಳೆಲ್ಲ ಅರ್ಧ ಬಾಗಿಲು ಎಳೆದುಕೊಂಡಿವೆ. ಎಸ್.ಎಸ್. ಬಡಾವಣೆಯಿಂದ ದಯಮಾಡಿಸಿರುವ ಹತ್ತಿ ವ್ಯಾಪಾರಿ ವಾಮದೇವಪ್ಪ ಸಾಹುಕಾರರೇ, ಹರಿಹರದಿಂದ ಬಂದಿರುವ ಟಾಂಗಾ ಹಯಾತ್ ಸಾಬರೇ, ಕುಂಚ ನಂಬಿ ಅನ್ನ ತಿನ್ನುವ ಸಹೋದರರೇ, ಹಾಗೂ — ಬೋರ್ಡು ಇನ್ನೂ ಕೈಗೆ ಬಾರದ ಸಮಸ್ತ ಗಿರಾಕಿಗಳೇ,

ನಾನು ಬಕ್ಕೇಶ. ಉಜ್ಜನಪ್ಪ ಆರ್ಟ್ಸ್‌ನಲ್ಲಿ ಅಕ್ಷರ ಬರೆಯುವವನು. "ಬಕ್ಕೇಶ, ನಾಕು ಒಳ್ಳೆ ಮಾತಾಡು. ನಿನ್ನ ಕೋತಿಚೇಷ್ಟೆ ಬ್ಯಾಡ" ಎಂದು ಉಚ್ಚಂಗಮ್ಮನವರು ಬೆಳಿಗ್ಗೆಯೇ ತಾಕೀತು ಮಾಡಿದ್ದಾರೆ. ಆದಕಾರಣ ಗಂಭೀರವಾಗಿಯೇ ಆರಂಭಿಸುತ್ತೇನೆ.

ಹದಡಿಯಲ್ಲಿ ಹುಟ್ಟಿ ದಾವಣಗೆರೆಯ ಗೋಡೆಗೋಡೆಗಳ ಮೇಲೆ ಬೆಳೆದ ನಮ್ಮ ಗುರುಗಳು, ಸನ್ಮಾನ್ಯ ಉಜ್ಜನಪ್ಪನವರು, ಎಂದೂ ಸುಳ್ಳು ಹೇಳಿದವರಲ್ಲ — ಎಂದು ಬರೆದುಕೊಂಡು ಬಂದಿದ್ದೆ. ಇಲ್ಲಿ ಗಿರಾಕಿಗಳ ಮುಖ ನೋಡಿ ಆ ಸಾಲು ಹೊಡೆದುಹಾಕಿದೆ. "ಗುರುವಾರ ಬರ್ರಿ, ಕೊಟ್ಟುಬಿಡ್ತೀನಿ" ಎನ್ನುತ್ತಿದ್ದರಲ್ಲ — ಅದು ಯಾವ ಗುರುವಾರ ಎಂಬುದು ಅವರಿಗೂ ಶಿವನಿಗೂ ಮಾತ್ರ ಗೊತ್ತಿತ್ತು. ಈಗ ಇಬ್ಬರೂ ಕೂತು ಮಾತಾಡಿಕೊಳ್ಳುತ್ತಿರಬೇಕು.

ಆದರೆ ಬೋರ್ಡು ಬಂದ ದಿನ ಯಾರಾದರೂ ಬೈದಿದ್ದೀರಾ? ಇಲ್ಲ. ಈ ತೊಂಬತ್ತೆಂಟನೇ ಇಸವಿಯಲ್ಲಿ, ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿ ಅಂಟಿಸುವ ಕಾಲದಲ್ಲಿ ಕೂಡ, ಬೈಯಲು ಬಂದವರು ಬೋರ್ಡಿನ ಮುಂದೆ ನಿಂತು ಚಹಾ ಕುಡಿದು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರ ಸಿಟ್ಟೂ ಬೇರೆ ಥರದ್ದು. ವಿದ್ಯಾನಗರದ ಒಂದು ಗೋಡೆಯ ಜಾಹೀರಾತಿನಲ್ಲಿ ಸಾಬೂನು ಹಿಡಿದ ಹೆಣ್ಣುಮಗಳೊಬ್ಬಳಿಗೆ ನಾನು ಮೀಸೆ ಬರೆದಿದ್ದೆ. ಗುರುಗಳು ಬಂದರು. ನೋಡಿದರು. ಬೆನ್ನಿಗೆ ಗುದ್ದುತ್ತಾರೆಂದು ನಾನು ಬಗ್ಗಿಯೇ ನಿಂತಿದ್ದೆ. ಅವರು — ಹೀಗೆ ತಲೆ ಓರೆ ಮಾಡಿ — "ಎಡಗಡೆ ತುದಿ ಇಳಿದೈತೆ ನೋಡಲೇ" ಎಂದರು. ನನ್ನ ಕೈಯಿಂದ ಕುಂಚ ತಗೊಂಡು ಮೀಸೆ ನೆಟ್ಟಗೆ ಮಾಡಿದರು. ಆಮೇಲೆ, "ಈಗ ಅಳಿಸು" ಎಂದರು. ಕಿಡಿಗೇಡಿತನವನ್ನೂ ಅಚ್ಚುಕಟ್ಟಾಗಿ ಮಾಡಬೇಕೆಂದು ಕಲಿಸಿದ ಗುರು ಯಾರಿಗೆ ಸಿಗುತ್ತಾರೆ ಹೇಳಿ.

ಇನ್ನು ಗೊಂಬೆಯ ವಿಷಯ. ಇದನ್ನು ಹೇಳಲೇಬೇಕು. ಅವರ ಕೊನೆಯ ಕೆಲಸ ಅದೇ.

'ಹೊಳೆದಂಡೆ ಹುಲಿಯಪ್ಪ' ಸಿನಿಮಾ ನೋಡದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ನಮ್ಮಪ್ಪ ಅಮ್ಮನ ಮದುವೆಯ ಕಾಲದ್ದು. ಕುದುರೆಯ ಮೇಲೆ ಹುಲಿಯಪ್ಪ ತುಂಬಿದ ತುಂಗಭದ್ರೆಯನ್ನು ದಾಟುತ್ತಾನೆ — ಹರಿಹರದಲ್ಲೇ ತೆಗೆದ ಸೀನು. ಆ ಪಿಕ್ಚರು ಭರ್ಜರಿ ಓಡಿದಾಗ ಟಾಕೀಸಿನವರಿಗೆ ಮಾತ್ರ ಒಂದೊಂದು ಗೊಂಬೆ ಕೊಟ್ಟಿದ್ದರಂತೆ: ಹೊಳೆ ದಾಟುತ್ತಿರುವ ಹುಲಿಯಪ್ಪ, ಕುದುರೆ ಸಮೇತ, ಮೊಳಕ್ಕಿಂತ ಚೂರು ಕಮ್ಮಿ ಎತ್ತರ, ಪ್ಲಾಸ್ಟಿಕ್ಕಿನದು. ಅಂಥದ್ದೊಂದು ಯಾವುದೋ ಟಾಕೀಸಿನಿಂದ ವಾಮದೇವಪ್ಪ ಸಾಹುಕಾರರ ಮನೆಯ ಗಾಜಿನ ಕಪಾಟಿಗೆ ಬಂದಿತ್ತು. ಹೊರಗಿನವರು ಮುಟ್ಟುವ ಹಾಗಿರಲಿಲ್ಲ. ಮನೆಯವರು ನೋಡಬಹುದಿತ್ತು.

ಬಣ್ಣವೆಲ್ಲ ಚಕ್ಕೆ ಎದ್ದಿತ್ತು. ಸಾಹುಕಾರರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೂಸು ತಂದ ಹಾಗೆ ಅಂಗಡಿಗೆ ತಂದರು. "ಉಜ್ಜನಪ್ಪ, ಬರೀ ಬಣ್ಣ ಬ್ಯಾಡ. ಸಿನಿಮಾದಾಗೆ ಹೆಂಗೈತೋ ಹಂಗೇ ಆಗಬೇಕು. ಹೆಗಲ ಮ್ಯಾಲೆ ಕಂಬಳಿ, ಕೆಂಪು ಮುಂಡಾಸು, ಬಿಳಿ ಕುದುರಿ, ಕಾಲಾಗೆ ನೀರು." ನಮ್ಮ ಗುರುಗಳು ಇಪ್ಪತ್ತಡಿ ಹುಲಿಯಪ್ಪನನ್ನು ಎಷ್ಟೋ ಸಲ ಬರೆದವರು. "ಇದೇನ್ ಬಿಡ್ರಿ, ಕೈಗೂಸು" ಎಂದು ಇಟ್ಟುಕೊಂಡರು.

ಈಗ ಒಂದು ಮಾತು, ಪೇಂಟರ್ ಸಹೋದರರಿಗೆ ಮಾತ್ರ. ಬೋರ್ಡಿಗೆ ಕೈ ಹಚ್ಚುವ ಮೊದಲು ನಾವೆಲ್ಲ ಏನು ಮಾಡುತ್ತೇವೆ? ಬಟ್ಟೆಗೆ ಥಿನ್ನರ್ ಹಾಕಿ ತಗಡು ಒರೆಸುತ್ತೇವೆ. ಹಳೇ ಬಣ್ಣ ಹೋಗಲಿ ಎಂದು. ಕೈ ತಾನಾಗಿಯೇ ಹೋಗುತ್ತದೆ, ತಲೆಯನ್ನು ಕೇಳುವುದಿಲ್ಲ. ಗುರುಗಳ ಕೈಯೂ ಹೋಯಿತು. ತಗಡಿಗೆ ಮಾಡುವುದನ್ನು, ಥಿನ್ನರ್ ತಾಗಿದರೆ ಕರಗುವ ಪ್ಲಾಸ್ಟಿಕ್ಕಿಗೆ ಮಾಡಿದರು.

ಒಂದೇ ಒರೆತ. ಬಟ್ಟೆ ತೆಗೆದರೆ — ಮೀಸೆ ಇಲ್ಲ. ಮೂಗಿಲ್ಲ. ಕರ್ನಾಟಕವೇ ಸೀಟಿ ಹೊಡೆದ ಆ ಮುಖ, ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ನುಣ್ಣಗೆ.

ನಾನು ಟೋಪಿ ತೆಗೆದು ಎದೆಗೆ ಹಿಡಿದು, "ಮೃತರ ಆತ್ಮಕ್ಕೆ ಶಾಂತಿ ಸಿಗಲಿ" ಎಂದೆ. ಗುರುಗಳು ಥಿನ್ನರಿನ ಬಟ್ಟೆಯನ್ನು ನನ್ನ ಮುಖಕ್ಕೇ ಎಸೆದರು. ನನ್ನದು ಕರಗಲಿಲ್ಲ. ಆಮೇಲೆ ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು.

ಮುಖ ಕಟ್ಟುವುದೇನೂ ಅವರಿಗೆ ಬಾರದ್ದಲ್ಲ. ನಲ್ಲಿ ಸೋರಿದರೆ ಮೆತ್ತುತ್ತೇವಲ್ಲ, ಆ ಎಂ-ಸೀಲ್ ಕಲಸಿ ಬೆಂಕಿಕಡ್ಡಿಯಲ್ಲಿ ತೀಡಿ ಹುಲಿಯಪ್ಪನ ಮುಖ ಮಾಡಿದರು. ಥೇಟ್ ಅದೇ ಮುಖ, ಅದೇ ನಗು. ನಾನು ಸಿಳ್ಳೆ ಹೊಡೆದೆ. ಅವರು ದೂರ ಇಟ್ಟು ನೋಡಿದರು, ಕಿತ್ತರು. ಇನ್ನೊಂದು ಮಾಡಿದರು. ಅದನ್ನೂ ಕಿತ್ತರು.

"ಯಾಕ್ರಿ ಗುರುಗಳೇ, ಅಚ್ಚು ಹಾಕಿದಂಗೈತಲ್ಲ?"

"ಮುಖ ಅವಂದೇ ಕಣಲೇ. ಮೈ ಅವಂದಲ್ಲ."

ಅವರು ಬ್ಯಾನರ್ ಬರೆಯುವುದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಎಲ್ಲರೂ ಮುಖದಿಂದ ಶುರು ಮಾಡಿದರೆ ಇವರು ಮೈಯಿಂದ. ಮುಖದ ಜಾಗ ಖಾಲಿ ಬಿಟ್ಟು, ರಸ್ತೆಯಲ್ಲಿ ಹೋಗುವವರನ್ನು ಕರೆದು, "ಇದ್ಯಾರು ಹೇಳ್ರಿ" ಎನ್ನುತ್ತಿದ್ದರು. ಅವರು ಸರಿಯಾಗಿ ಹೇಳಿದರೆ ಮಾತ್ರ ಮುಖ ಬರೆಯುವುದು. "ಮೈ ಹೇಳಬೇಕು, ಮುಖ ಕೇಳಬೇಕು" ಎನ್ನುವುದು ಅವರ ಶಾಸ್ತ್ರ. ಈ ಗೊಂಬೆಯನ್ನು ನೋಡಿದರೆ — ಹೀಗೆ — ಎಡಭುಜ ಇಳಿದಿದೆ, ಕತ್ತು ಕುದುರೆಯ ಕಿವಿಯ ಹತ್ತಿರ ಬಗ್ಗಿದೆ. ಹೊಳೆಯ ಸೆಳವಿಗೆ ಹೆದರಿದ ಕುದುರೆಗೆ ಏನೋ ಹೇಳುತ್ತಿರುವವನ ಮೈ. ಹುಲಿಯಪ್ಪನೋ, ಉಳಿದೆಲ್ಲ ಸೀನಿನಲ್ಲೂ ಎದೆ ಸೆಟೆದು ಕ್ಯಾಮೆರಾಕ್ಕೆ ನಗುವವನು. ಈ ಮೈಗೆ ಆ ನಗು ಹೇಗೆ ಕೂಡಬೇಕು?

ಮುಖ ಬಿಟ್ಟು ಉಳಿದದ್ದನ್ನು ಮುಗಿಸೋಣ ಎಂದರು. ಫೆವಿಕಾಲ್ ಮೇಲೆ ವಾರ್ನಿಷ್ ಎಳೆದು ಹೊಳೆ ಮಾಡಿದರು. ನಾನು ನಿಜವಾಗಿಯೂ ಬೆರಳು ಅದ್ದಲು ಹೋದೆ. ಮುಂಡಾಸಿಗೆ ಬಟ್ಟೆ ಎಲ್ಲಿಂದ ಬಂತು ಎಂಬುದನ್ನು ಉಚ್ಚಂಗಮ್ಮನವರು ಅವತ್ತೇ ಅಂಗಡಿಗೆ ಬಂದು ಊರಿಗೆಲ್ಲ ಕೇಳುವಂತೆ ತಿಳಿಸಿದ್ದರು: "ನಂಗೊಂದು ಸೀರಿ ತರಾಕೆ ಪುರುಸೊತ್ತಿಲ್ಲ, ಗೊಂಬಿಗೆ ನನ್ನ ಸೆರಗು ಹರ್ದು ಮುಂಡಾಸು ಸುತ್ತ್ಯಾರೆ. ಅದಕಾದ್ರೂ ಒಂದ್ ಹೆಸರಿಟ್ಟು ಮನೀಗೆ ಕರ್ಕಂಬರ್ರಿ." ಗುರುಗಳು ತಲೆ ಎತ್ತದೆ, "ಅಂಚು ಚಲೋ ಒಪ್ಪೈತೆ ನೋಡು" ಎಂದರು. ಉಚ್ಚಂಗಮ್ಮನವರು ನೋಡಿದರು. ಒಪ್ಪಿತ್ತು. ಬೈಗುಳ ಅಲ್ಲಿಗೆ ನಿಂತಿತು.

ಕುದುರೆಯ ಬಾಲಕ್ಕೆ ಕುದುರೆಯ ಕೂದಲೇ ಬೇಕೆಂದು ಹಟ. ದಾವಣಗೆರೆಯಲ್ಲಿ ಕುದುರೆ ಎಲ್ಲಿದೆ, ಎಲ್ಲ ಆಟೋ. ಹಾಗಾಗಿ ಗೊಂಬೆಯನ್ನು ಚೀಲದಲ್ಲಿಟ್ಟುಕೊಂಡು ನಾನೂ ಅವರೂ ಹರಿಹರಕ್ಕೆ ಹೋದೆವು, ಸ್ಟೇಷನ್ನಿನ ಮುಂದೆ ಟಾಂಗಾ ನಿಲ್ಲಿಸುವ ಹಯಾತ್ ಸಾಬರ ಹತ್ತಿರ.

ಹಯಾತ್ ಸಾಬರ ಬಗ್ಗೆ ನಿಮಗೆ ಗೊತ್ತು. ಸಾಬರೇ, ನೀವು ಇಲ್ಲಿದ್ದೀರಿ, ಆದರೂ ಹೇಳುತ್ತೇನೆ. "ಹುಲಿಯಪ್ಪ ಹೊಳಿ ದಾಟೋ ಸೀನಾಗೆ ಕುದುರಿ ಮ್ಯಾಲಿದ್ದಿದ್ದು ನಾನು" ಎಂದು ಸಾಬರು ಆಗಿನಿಂದಲೂ ಹೇಳುತ್ತ ಬಂದಿದ್ದಾರೆ. ಆಗಿನಿಂದಲೂ ಹರಿಹರ ನಗುತ್ತ ಬಂದಿದೆ. "ಹೀರೋ, ಟೇಶನ್ನಿಗೆ ಬರ್ತೀಯೇನು?" ಎಂದು ಕರೆಯದ ಪ್ಯಾಸೆಂಜರಿಲ್ಲ. ನೋಡಿ, ಮಾಡದ ಕೆಲಸಕ್ಕೆ ಹಾರ ಹಾಕಿಸಿಕೊಂಡವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಸಾಬರು ಹಾರ ಕೇಳಲಿಲ್ಲ. ಪ್ರಾಣ ಒತ್ತೆ ಇಟ್ಟು ಮಾಡಿದ ಒಂದೇ ಒಂದು ಕೆಲಸ — ಅದು ತಾನು ಮಾಡಿದ್ದು ಎಂದು ಮನೆಯಾಚೆ ಯಾರಾದರೊಬ್ಬರು ನಂಬಬೇಕು. ಕೇಳಿದ್ದು ಅಷ್ಟೇ.

ಗುರುಗಳು ಕೂದಲಿನ ಅಳತೆಗೆಂದು ಚೀಲದಿಂದ ಗೊಂಬೆ ತೆಗೆದರು. ಮುಖವಿಲ್ಲದ ಗೊಂಬೆ. ಸಾಬರು ಅದನ್ನು ತಿರುಗಿಸಿ ಬೆನ್ನು ನೋಡಿದರು. ಇಳಿದ ಎಡಭುಜವನ್ನು ಬೆರಳಿನಿಂದ ಸವರಿದರು.

"ಯಾ ಅಲ್ಲಾ. ನನ್ನ ಬೆನ್ನು ಇದು."

ನಾನು ಬಾಯಿ ತೆರೆಯುವ ಮೊದಲೇ ಗುರುಗಳು ನನ್ನ ಕಾಲು ತುಳಿದರು. "ಕುದುರಿ ಹತ್ರಿ ಸಾಬ್ರೆ" ಎಂದರು. "ಹೆಂಗ್ ದಾಟಿದ್ರಿ, ತೋರಿಸ್ರಿ."

ಹಾಡುಹಗಲು, ರೈಲಿಳಿದ ಜನರೆಲ್ಲ ನೋಡುತ್ತಿರುವಾಗ, ಟಾಂಗಾದ ನೊಗ ಬಿಚ್ಚಿ ನನ್ನ ಹೆಗಲಿಗೆ ಕೊಟ್ಟು, ಆ ಮುಪ್ಪಿನಲ್ಲಿ ಸಾಬರು ಬರೀ ಬೆನ್ನಿನ ಕುದುರೆಯನ್ನೇರಿದರು. "ಕುದುರಿ ಹೆದರಿತ್ತು ಕಣಣ್ಣ. ಹೀರೋ ಸಾಹೇಬ್ರು ದಂಡಿ ಮ್ಯಾಲೆ ಎಳನೀರು ಕುಡೀತಿದ್ರು. ಅದರ ಕಿವಿಯಾಗೆ ಹೇಳ್ದೆ — ಬೇಟಾ, ನೀ ಮುಳುಗಿದ್ರೆ ನಾನೂ ಮುಳುಗ್ತೀನಿ, ನಡಿ." ಹೇಳುತ್ತ ಹೇಳುತ್ತ ಬಗ್ಗಿದರು. ಎಡಭುಜ ಇಳಿಯಿತು. ಕತ್ತು ಕುದುರೆಯ ಕಿವಿಯ ಹತ್ತಿರ ಹೋಯಿತು.

ನನ್ನ ಹೆಗಲ ಮೇಲೆ ನೊಗವಿತ್ತು. ಜೋಕು ಒಂದೂ ಬರಲಿಲ್ಲ. ಮಹಾಜನರೇ, ಇದು ನನ್ನ ಜೀವನದಲ್ಲಿ ಅಪರೂಪದ ಘಟನೆ.

"ಹಂಗೇ ಇರ್ರಿ. ಅಲುಗಾಡಬ್ಯಾಡ್ರಿ" ಎಂದರು ಗುರುಗಳು. ಎಂ-ಸೀಲ್ ಕಲಸಿದರು. ಅಲ್ಲೇ, ಸ್ಟೇಷನ್ನಿನ ಮುಂದೆ, ಬೆಂಕಿಕಡ್ಡಿಯಲ್ಲಿ ಆ ಮುಖ ತೀಡಿದರು. ಕೆನ್ನೆಯ ಗುಳಿ, ಬಿಗಿ ಹಿಡಿದ ತುಟಿ, ಕುದುರೆಯ ಮೇಲಿನ ಕಣ್ಣು. ಮುಪ್ಪು ಮಾತ್ರ ಕಳೆದುಬಿಟ್ಟರು. ಮೈಯ ಮೇಲೆ ಮುಖ ಕೂತ ಹಾಗೆ ಕೂತಿತು.

ಸಾಬರಿಗೇ ದಿಗಿಲು. "ಬ್ಯಾಡಣ್ಣ, ಸಾಹುಕಾರ್ರ ಗೊಂಬಿ. ಸಿಟ್ಟಾಗ್ತಾರೆ." ನಾನು ಬುದ್ಧಿವಂತಿಕೆ ತೋರಿಸಿದೆ: "ಅವರಿಗೆ ಹೀರೋ ಮುಖ ಹಾಕಿ ಕೊಡೋಣ. ಸಾಬ್ರಿಗೆ ಬೇರೆ ಗೊಂಬಿ ಮಾಡಿ ಮನೀಗೆ ಕೊಡೋಣ." ಗುರುಗಳು ನನ್ನನ್ನು ನೋಡಿ, "ಇವರ ಮನಿಯೋರು ಮೊದಲೇ ನಂಬ್ಯಾರಲ್ಲೋ. ಅಲ್ಲಿಟ್ಟು ಏನ್ಮಾಡಾನ?" ಎಂದರು.

ಬಾಲಕ್ಕೆ ಸಾಬರ ಕುದುರೆಯ ಕೂದಲು ಅಂಟಿಸಿ, ತಂದು ಸಾಹುಕಾರರ ಕೈಗೆ ಕೊಟ್ಟರು. ನಾನು ಅಲ್ಲೇ ಇದ್ದೆ. ಸಾಹುಕಾರರು ಕನ್ನಡಕ ಏರಿಸಿದರು.

"ಇದ್ಯಾರು?"

"ಹೊಳಿ ದಾಟಿದೋರು."

"ನಾ ಕೊಟ್ಟಿದ್ದು ಹುಲಿಯಪ್ಪನ್ನ."

"ಹುಲಿಯಪ್ಪನ್ನ ಥಿನ್ನರ್‌ನಾಗೆ ಕರಗಿಸಿಬಿಟ್ಟೆ ಸಾಹುಕಾರ್ರೆ. ಅದು ನನ್ನ ತಪ್ಪು. ಈ ಮುಖ ತಪ್ಪಲ್ಲ. ಹರಿಹರದ ಹಯಾತ್ ಸಾಬ್ರು. ಪಿಕ್ಚರು ನೋಡ್ರಿ, ಬೆನ್ನು ನೋಡ್ರಿ. ಆಮ್ಯಾಲೂ ಬ್ಯಾಡ ಅಂದ್ರೆ ನಾನೇ ಕಿತ್ತು ಹುಲಿಯಪ್ಪನ ಮುಖ ಕೂರಿಸಿ ಕೊಡ್ತೀನಿ."

ಸಾಹುಕಾರರು ಗೊಂಬೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟುಹೋದರು. ಅವತ್ತಿನಿಂದ ಗುರುಗಳು ದಿನಾ ಕೇಳುತ್ತಿದ್ದರು: "ಸಾಹುಕಾರ್ರು ಬಂದಿದ್ರೇನೋ?" ಇಲ್ಲ ಎನ್ನುತ್ತಿದ್ದೆ. "ಬರ್ತಾರೆ ಬಿಡು" ಎನ್ನುತ್ತಿದ್ದರು. ಹೋದ ವಾರ ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದವರು, ಎದೆ ಹಿಡಿದುಕೊಂಡು ಮಲಗಿದವರು, ಏಳಲಿಲ್ಲ. ಸಾಹುಕಾರರು ಬರುವುದನ್ನು ಅವರು ನೋಡಲಿಲ್ಲ —

ಒಂದು ನಿಮಿಷ. ಕ್ಷಮಿಸಿ. ಸಾಹುಕಾರರು ಎದ್ದು ಬರುತ್ತಿದ್ದಾರೆ. ದಾರಿ ಬಿಡ್ರಿ, ಆ ಕುರ್ಚಿ ಸರಿಸ್ರಿ. ಬರ್ರಿ ಸಾಹುಕಾರ್ರೆ. ನಾನು ಹೆಚ್ಚು ಮಾತಾಡಿದ್ದರೆ —

ಮೈಕು ಬೇಡವಂತೆ. ಹಿಂದೆ ಕೇಳಿಸದವರಿಗೆ ನಾನೇ ಹೇಳುತ್ತೇನೆ. ಸಾಹುಕಾರರು ಹೇಳುತ್ತಿದ್ದಾರೆ — ಹರಿಹರದ ಟಾಕೀಸಿನಲ್ಲಿ ಈ ವಾರ ಆ ಹಳೇ ಪಿಕ್ಚರು ಹಾಕಿದ್ದಾರಂತೆ. ನಿನ್ನೆ ಹೋಗಿದ್ದರಂತೆ. ಆಪರೇಟರಿಗೆ ಹೇಳಿ ಹೊಳೆಯ ರೀಲು ಮತ್ತೆ ಹಾಕಿಸಿದರಂತೆ. ಜನ ಬೈದರಂತೆ. — "ಇಷ್ಟ್ ವರ್ಷ ಮುಖ ನೋಡಿದೀನಿ ಅಂದ್ಕಂಡಿದ್ದೆ. ಹೊಳಿಯಾಗೆ ಮುಖನೇ ಕಾಣಂಗಿಲ್ಲ. ಕಾಣಾದು ಆ ಬಗ್ಗಿದ ಬೆನ್ನು ಒಂದೇ."

ಟವೆಲ್ಲು ಬಿಚ್ಚುತ್ತಿದ್ದಾರೆ. ಗೊಂಬೆಯನ್ನು ಗುರುಗಳ ಫೋಟೋದ ಪಕ್ಕ ಇಡುತ್ತಿದ್ದಾರೆ, ಮುಖ ನಿಮ್ಮ ಕಡೆಗೆ ಮಾಡಿ. ಮುಖ ಕಿತ್ತಿಲ್ಲ. ಅದೇ ಮುಖ ಇದೆ. ನೋಡಿ. ಎದ್ದು ಬಂದು ನೋಡಬಹುದು.

ಇನ್ನೂ ಏನೋ ಹೇಳುತ್ತಿದ್ದಾರೆ. ನನಗೇ ಹೇಳುತ್ತಿದ್ದಾರೆ. "ಬಕ್ಕೇಶ, ಪೀಠದ ಮ್ಯಾಲೆ ಹೆಸರು ಬರಿ. ಹುಲಿಯಪ್ಪ ಅಂತ ಬ್ಯಾಡ. ನನ್ನ ಕಪಾಟಿನ ಮುಂದೆ ನಿಂತು ಯಾರಿದು ಅಂತ ಕೇಳಿದೋರು ಓದ್ಕಳ್ಳಿ."

ಬರೆಯುತ್ತೇನೆ ಸಾಹುಕಾರ್ರೆ. ಇಲ್ಲೇ, ಈ ಮೇಜಿನ ಮೇಲೇ, ಸಾಬರ ಎದುರಿಗೇ ಬರೆಯುತ್ತೇನೆ. ಆದರೆ ಒಂದು ನಿಮಿಷ ತಡೀರಿ. ಅವಸರದಲ್ಲಿ ಅಕ್ಷರ ಬರೆದರೆ ಗುರುಗಳು ಒಪ್ಪುವುದಿಲ್ಲ.

ಆದ್ದರಿಂದ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಈ ನಿಮಿಷ ಉಜ್ಜನಪ್ಪನವರದು. ಯಾರೂ ಮಾತಾಡಬೇಡಿ. ಹಯಾತ್ ಸಾಬ್, ನೀವು ಅಳಬಹುದು. ಅಳು ಮಾತಿನ ಲೆಕ್ಕಕ್ಕೆ ಬರುವುದಿಲ್ಲ.