ಸೌಂಡ್ ಕಮ್ಮಿ ಮಾಡಣ್ಣ

ಗಾಡಿ ಇಟ್ಕಂಡಿರೋನು ಆವತ್ತು ನಡ್ಕಂಡು ಬಂದ. ಅಲ್ಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಾನು ಕಣ್ಣಾರೆ ಕಂಡಿದ್ದು ಅಲ್ಲಿಂದ. ರಾತ್ರಿ ಮೂರು ಗಂಟೆ. ಆಲದ ಮರದ ಬಾವಿ ಕಡೆಯಿಂದ ಒಬ್ನೇ ಬಂದ. ಕಾಲಾಗೆ ಚಪ್ಪಲಿ ಇಲ್ಲ. ಬಲಗಿವಿಯಿಂದ ರಕ್ತ ಇಳಿದು ಅಂಗಿ ಕಾಲರ್ ಗಟ್ಟಿಯಾಗಿತ್ತು. ನಮ್ಮ ಬಾಗ್ಲು ಬಡಿದ... ಕೈಯಿಂದ ಅಲ್ಲ, ಹಣೆಯಿಂದ. ಧಪ್. ಧಪ್. ಧಪ್.

ಏ ತೇಜಶ್ರೀ, ಶೇಂಗಾ ಸುಲಿಯೇ. ಕೈ ಯಾಕೆ ನಿಂತ್ಕಂತು? ಇನ್ನೂ ಏನೂ ಹೇಳಿಲ್ಲ, ಆಗ್ಲೇ ನನ್ನ ಪಕ್ಕಕ್ಕೆ ಜರುಗ್ತಾಳೆ ನೋಡು!

ಬಂದೋನು ಗೋವರ್ಧನ. ನಮ್ಮ ಚಿಕ್ಕವ್ವನ ಮಗ. ಚಳ್ಳಕೆರೆಯಾಗೆ ಡಿಜೆ ಗೋವರ್ಧನ ಅಂದ್ರೆ ಯಾರಾದ್ರೂ ಮನೆ ತೋರಿಸೋರು. ಒಂದು ಸಣ್ಣ ಲಗೇಜ್ ಗಾಡಿ, ಅದರ ಮೇಲೆ ಎಂಟು ಬಾಕ್ಸು, ಬಣ್ಣಬಣ್ಣದ ಲೈಟು, ಹಿಂದೆ ಜನರೇಟರು. ಮದುವೆ, ಹುಟ್ಟಿದಹಬ್ಬ, ಎಲ್ಲಿಗೆ ಕರೆದ್ರೂ ಹೋಗೋನು. ಅವನು ಬೇಸ್ ಬಿಟ್ಟ ಅಂದ್ರೆ ಗೂಡಿನಾಗಿದ್ದ ಲೋಟ ತಾನೇ ಕುಣಿಯೋವು. ಆ ಜನರೇಟರು ಓಡಿದ್ರೇನೇ ಬಾಕ್ಸಿಗೆ ಜೀವ. ಹತ್ತು ನಿಮಿಷ ಓಡಿದ್ರೆ ಸಾಕು, ಕೆಂಡ ಆಗೋದು. ನಮ್ಮ ಗೃಹಪ್ರವೇಶದಾಗೆ ತಿಳೀದೆ ಅದರ ಮೇಲೆ ಕೈ ಊರಿದ್ದೆ. ಇಗೋ, ಅಂಗೈ ನೋಡ್ರಿ. ಚರ್ಮ ಇನ್ನೂ ಸರಿಹೋಗಿಲ್ಲ.

ಬಾಗ್ಲು ತೆಗೆದೆ. ಒಳಗೆ ಬಂದು ಗೋಡೆಗೆ ಒರಗಿ ಕುಂತ. ನೀರು ಕೊಟ್ರೆ ಕುಡೀಲಿಲ್ಲ. ಪಿಸುಗುಟ್ಟಿದ.

"ಅಕ್ಕಾ... ಎತ್ತು ತುಳೀಲಿಲ್ಲ."

"ಯಾವ ಎತ್ತೋ?"

"ಎತ್ತು ತುಳೀಲಿಲ್ಲಕ್ಕ. ನಾನು ಸುಳ್ಳು ಹೇಳಿದ್ದೆ."

ಯಾವ ಎತ್ತು ಅಂತ ನನಗೆ ಗೊತ್ತಾಗಿತ್ತು.

ಅದಕ್ಕೂ ಏಳು ತಿಂಗಳ ಹಿಂದೆ, ಮೊಳಕಾಲ್ಮೂರು ಕಡೆ ಒಂದು ಹಟ್ಟಿಯಾಗೆ ಮದುವೆ. ಹಟ್ಟಿ ಹೆಸರು ಹೇಳಲ್ಲ, ಅಲ್ಲಿ ನಮ್ಮ ಬೀಗರು ಅದಾರೆ. ಜಟಿಂಗ ರಾಮೇಶ್ವರನ ಬೆಟ್ಟ ಅಲ್ಲಿಂದ ಎದುರಿಗೇ ಕಾಣ್ತೈತೆ. ಆ ಹಟ್ಟಿಯಾಗೆ ದೇವರೆತ್ತು ಅದಾವೆ. ನೇಗಿಲಿಗೆ ಕಟ್ಟೋವಲ್ಲ, ದೇವರ ಹೆಸರಿನಾಗೆ ಬಿಟ್ಟಿರೋವು. ಅವಕ್ಕೆ ಅಂತ ಮುಳ್ಳುಬೇಲಿ ಕಟ್ಟಿದ ರೊಪ್ಪ. ಒಳಗೆ ಚಪ್ಪಲಿ ಮೆಟ್ಟಂಗಿಲ್ಲ. ಮೈಲಿಗೆ ಆದೋರು ಹತ್ರ ಸುಳಿಯಂಗಿಲ್ಲ. ಮೆರವಣಿಗೆ ಆ ಕಡೆ ಬಂದ್ರೆ ವಾಲಗದೋನು ಸೈತ ಊದೋದು ನಿಲ್ಲಿಸಿ ಕೈಮುಗಿದು ದಾಟೋನು. ಎತ್ತು ಕಾಯೋನಿಗೆ ಕಿಲಾರಿ ಅಂತಾರೆ. ಆಗ ಕಿಲಾರಿ ಆಗಿದ್ದೋನು ಬಾಲರಾಜ್. ಇಪ್ಪತ್ತಾರು ವಯಸ್ಸು. ಸೂರಮ್ಮ ಅನ್ನೋ ಗಂಡ ಇಲ್ಲದ ಹೆಂಗಸಿಗೆ ಅವನೊಬ್ನೇ ಮಗ.

ಮೆರವಣಿಗೆ ರೊಪ್ಪದ ಹತ್ರ ಬಂತು. ಗೋವರ್ಧನನಿಗೆ ಪದ್ಧತಿ ಗೊತ್ತಿತ್ತು. ನಿಲ್ಲಿಸಬೇಕು ಅಂತಲೇ ಇದ್ದ. ಆದ್ರೆ ಮದುವೆಗಂಡಿನ ಸೋದರಮಾವ ಒಬ್ಬ ಇದ್ನಲ್ಲ, ಚಿಕ್ಕೀರಪ್ಪ, ಮೂಗಿನ ತನಕ ಕುಡಿದಿದ್ದ. "ನಿಲ್ಲಿಸಿದ್ರೆ ನಿನ್ನ ಬಾಕ್ಸ್ ಒಂದೂ ವಾಪಸ್ ಹೋಗಲ್ಲ" ಅಂದ. ಇವನು ಹೆದರ್ಕಂಡ. ಎಂಟು ಬಾಕ್ಸು ಹಂಗೇ ಬಡ್ಕಂತಿದ್ವು. ಒಳಗೆ ಎತ್ತುಗಳು ಬೇಲಿಗೆ ಗುದ್ದೋಕೆ ಶುರು ಮಾಡಿದ್ವು.

ಬಾಲರಾಜ್ ಬರಿಗಾಲಾಗೆ ಓಡಿ ಬಂದ. ಗಾಡಿ ಹಿಂದೆ ಹಿಡ್ಕಂಡು ಕೈಮುಗಿದ.

"ಸೌಂಡ್ ಕಮ್ಮಿ ಮಾಡಣ್ಣ. ದೇವರೆತ್ತು ಬೆದರ್ತವೆ."

ಗೋವರ್ಧನನ ಕೈ ವಾಲ್ಯೂಮ್ ಮೇಲೆ ಹೋತು. ಹೋಗಿದ್ದು ಹೌದು, ಅವನೇ ಹೇಳಿದ. ಅಷ್ಟರಾಗೆ ಚಿಕ್ಕೀರಪ್ಪ ಬಾಲರಾಜನ ಕೊರಳಪಟ್ಟಿ ಹಿಡಿದು ಬಾಕ್ಸ್ ಹಿಂದಿನ ಕತ್ತಲಿಗೆ ಎಳ್ಕಂಡು ಹೋದ. "ಯಾವನ್ಲೇ ನೀನು, ನನ್ನ ಅಳಿಯನ ಮೆರವಣಿಗೆ ನಿಲ್ಸೋಕೆ?" ಅಲ್ಲಿ ಲೈಟ್ ಸ್ಟ್ಯಾಂಡಿನ ಕಬ್ಬಿಣದ ಪೈಪ್ ಬಿದ್ದಿತ್ತು. ಗೋವರ್ಧನನದೇ ಪೈಪು. ಮೊದಲ್ನೇ ಏಟು ಹೆಗಲಿಗೆ. ಮೂಳೆ ಲಟಕ್ ಅಂತು. ಎರಡನೇದು ಬಾಯಿಗೆ. ಹಲ್ಲು ಗಾಡಿ ತಗಡಿಗೆ ಬಡಿದು ಟಿಣ್ ಅಂತ ಕೆಳಗೆ ಬಿತ್ತು. ಬಾಲರಾಜ್ ಕೂಗಿದ. "ಅವ್ವಾ..."

ಅವರವ್ವ ನಲವತ್ತು ಹೆಜ್ಜೆ ದೂರದಾಗೆ ಬಾಗ್ಲಾಗೆ ನಿಂತಿದ್ಲು. ಮೆರವಣಿಗೆ ನೋಡ್ಕಂಡು ನಗ್ತಾ ನಿಂತಿದ್ಲು.

ಚಿಕ್ಕೀರಪ್ಪ ತಿರುಗಿ ನಮ್ಮ ಹುಡುಗನ ಮುಖ ನೋಡಿದ. ಒಂದೇ ಮಾತು.

"ಏರಿಸು."

ಏರಿಸಿದ. ನನ್ನ ತಮ್ಮ, ನಾನು ಎತ್ತಿ ಆಡಿಸಿದ ಹುಡುಗ... ಪೂರ್ತಿ ಏರಿಸಿದ! ಮುಂದೆ ಇರೋರು ಸಿಳ್ಳೆ ಹೊಡ್ದು ಕುಣಿದ್ರು. ಹಿಂದೆ ಪೈಪು ಏಳ್ತಿತ್ತು, ಬೀಳ್ತಿತ್ತು. "ಬೇಸಿಗೆ ಸರಿಯಾಗಿ ಬೀಳ್ತಿತ್ತಕ್ಕ" ಅಂದ. ಹನ್ನೊಂದು ಏಟು. ಎಣಿಸ್ಕಂಡು ನಿಂತಿದ್ನಂತೆ, ಹಾಳಾದೋನು.

ಎತ್ತುಗಳು ಬೇಲಿ ಮುರ್ಕಂಡು ಹೊರಬಿದ್ವು. ಜನ ದಿಕ್ಕಾಪಾಲಾಗಿ ಓಡಿದ್ರು. ಚಿಕ್ಕೀರಪ್ಪ ಕುಡಿದಿದ್ರೂ ತಲೆ ಓಡಿಸಿದ. ಹೆಣ ಎಳೆದು ಬೇಲಿ ಮುರಿದ ಜಾಗದಾಗೆ ಹಾಕಿದ. ದೇವರೆತ್ತು ತುಳೀತು ಅಂದ. ಹಟ್ಟಿ ಹಿರಿಯರು ಗೋವರ್ಧನನ್ನ ಕೇಳಿದ್ರು. ಇವನು ಗುಡಿ ಕಟ್ಟೆ ಮುಟ್ಟಿ, ಹೌದು, ನಾನೇ ಕಂಡೆ ಅಂದ.

ಆ ಸುಳ್ಳು ಏನು ಮಾಡ್ತು ಗೊತ್ತಾ? ದೇವರೆತ್ತು ಸುಮ್ ಸುಮ್ನೆ ಯಾರನ್ನೂ ತುಳಿಯಲ್ಲ. ಕಿಲಾರಿನೇ ಮೈಲಿಗೆಯಾಗೆ ರೊಪ್ಪಕ್ಕೆ ಹೋಗಿರ್ಬೇಕು, ಅದಕ್ಕೇ ದೇವರು ಪ್ರಾಣ ತಗಂಡ... ಹಿಂಗೆ ಮಾತಾತು. ಬಾಲರಾಜನ್ನ ಅವರ ಹಿರೀಕರ ಜಾಗದಾಗೆ ಮಣ್ಣು ಮಾಡೋಕೂ ಬಿಡ್ಲಿಲ್ಲ. ಸೂರಮ್ಮನಿಗೆ ಗುಡಿ ಹತ್ರ ಬರಬ್ಯಾಡ ಅಂದ್ರು. ಮಗನ್ನ ಕಳ್ಕಂಡೋಳು, ಯಾವ ತಪ್ಪಿಗೆ ಅಂತ ತಿಳೀದೆ ಮೂಲೆಯಾಗೆ ಕುಂತ್ಲು. ಥೂ!

ಆ ಪೈಪ್ ತೊಳೆದು ಮತ್ತೆ ಸ್ಟ್ಯಾಂಡಿಗೆ ಸಿಗಿಸಿದ್ದ. ಏಳು ತಿಂಗಳು ಅದೇ ಪೈಪ್ ಮೇಲೆ ಲೈಟು ಉರೀತು. ನಮ್ಮ ಮಗಳು ಸ್ವಪ್ನನ ಸೀಮಂತದಾಗೂ ಅದೇ ನಿಂತಿತ್ತು. ಅದರ ಪಕ್ಕದಾಗೆ ನಾವೆಲ್ಲ ಫೋಟೋ ತೆಗೆಸ್ಕಂಡಿದೀವಿ.

ಅವನಿಗೆ ಮಾತ್ರ ಕೇಳ್ತಿತ್ತಂತೆ. ಹಾಡು ಜೋರಾದಾಗಲೆಲ್ಲ, ಎಡಗಡೆ ಬಾಕ್ಸಿನಾಗೆ, ಮೆಲ್ಲಗೆ... ಸೌಂಡ್ ಕಮ್ಮಿ ಮಾಡಣ್ಣ. ವೈರ್ ಬದಲಾಯಿಸಿದ. ಬಾಕ್ಸ್ ಬದಲಾಯಿಸಿದ. ಮಿಕ್ಸರ್ ಹೊಸದು ತಂದ. ಬಾಯಿ ಬಿಟ್ಟು ಯಾರಿಗೂ ಹೇಳ್ಲಿಲ್ಲ.

ಅವನು ನಮ್ಮ ಬಾಗ್ಲು ಬಡಿದ ಆ ರಾತ್ರಿ ಚಿಕ್ಕೀರಪ್ಪನ ತೋಟದಾಗೆ ಹುಟ್ಟಿದಹಬ್ಬ. ಮತ್ತೆ ಇವನನ್ನೇ ಕರೆಸಿದ್ದ. ಹೋಗ್ದಿದ್ರೆ ಬಿಡ್ತಾನಾ ಅವನು? ಒಂದೂವರೆಗೆ ಮುಗೀತು. ಚಿಕ್ಕೀರಪ್ಪ "ನನ್ನನ್ನ ಚಳ್ಳಕೆರೆಗೆ ಬಿಡು" ಅಂತ ಪಕ್ಕದಾಗೆ ಹತ್ತಿ ಕುಂತ. ಆಲದ ಮರದ ಬಾವಿ ಹತ್ರ ಗಾಡಿ ಗಕ್ ಅಂತ ನಿಂತ್ಕಂತು. ಲೈಟ್ ಹೋತು. ಹಿಂದೆ ಜನರೇಟರ್ ಆಫ್, ವೈರ್ ಎಲ್ಲ ಸುತ್ತಿಟ್ಟೈತೆ, ಮೇಲೆ ಟಾರ್ಪಾಲು.

ಟಾರ್ಪಾಲಿನ ಒಳಗಿಂದ... ಗುಂಯ್...

"ಆರಿಸ್ಲೇ ಅದನ್ನ" ಅಂತ ಚಿಕ್ಕೀರಪ್ಪ ಪಿಸುಗುಟ್ಟಿದ.

"ಆರೇ ಐತೆ."

"ಮತ್ತೆ?"

ಇವನು ತಿರುಗಿ ಟಾರ್ಪಾಲಿನ ಕಡೆ ನೋಡಿದ.

ಮೊದ್ಲು ಕೊರಳ ಗಂಟೆ. ಠಣ್... ಠಣ್... ಎತ್ತು ತಲೆ ಒದರಿದಂಗೆ. ಆಮೇಲೆ ಬೇಲಿ ಮುಳ್ಳು ಚಟಚಟ ಮುರಿಯೋದು. ಆಮೇಲೆ ಲಟಕ್. ಟಿಣ್. ಆವತ್ತಿನದೇ ಎಲ್ಲ... ಹಾಡು ಮಾತ್ರ ಇಲ್ಲ. ಹಾಡಿನ ಕೆಳಗೆ ಇದ್ದಿದ್ದು ಅಷ್ಟೇ. ಏಟು, ಉಸಿರು, ಆ ಹುಡುಗನ "ಅವ್ವಾ". ಎಂಟು ಬಾಕ್ಸಿನಾಗೂ.

ಚಿಕ್ಕೀರಪ್ಪ ಬೈಯ್ಕಂತ ಕೆಳಗೆ ಧುಮುಕಿದ. ಟಾರ್ಪಾಲು ಹರಿದು ಎಸೆದ. ಪೈಪ್ ಕಿತ್ಕಂಡು ಬಾಕ್ಸಿಗೆ ಬೀಸಿದ. ಏಟು ಬಾಕ್ಸಿಗೇ ಬಿತ್ತು, ಮುರಿದಿದ್ದು ಮಾತ್ರ ಅವನ ಹೆಗಲು. ಲಟಕ್ ಅಂತ ಕೈ ಜೋತುಬಿತ್ತು. ಇನ್ನೊಂದು ಕೈಯಾಗೆ ಬೀಸಿದ. ಅವನ ಬಾಯಿ ಒಡೀತು. ಹಲ್ಲು ತಗಡಿಗೆ ಬಡಿದು ಟಿಣ್ ಅಂತು. ಅವನು ನಿಲ್ಲಿಸ್ಬೇಕಿತ್ತು, ಅಲ್ವಾ? ನಿಲ್ಲಿಸೋಕೆ ಆಗ್ಲಿಲ್ಲ. ಕೈ ತಾನೇ ಏಳ್ತಿತ್ತು. "ಹಿಡ್ಕಳ್ಳೋ... ನನ್ನ ಕೈ ಹಿಡ್ಕಳ್ಳೋ" ಅಂತ ರಕ್ತ ಉಗುಳ್ತಾ ಅತ್ತ. ಗೋವರ್ಧನ ಹೋಗಿ ಹಿಡಿದ. ಹಿಡಿದೋನನ್ನೂ ಎಳ್ಕಂಡೇ ಆ ಕೈ ಬೀಸ್ತು. ಪಕ್ಕೆ. ಮೊಣಕಾಲು. ದವಡೆ. ತಲೆಬುರುಡೆ ಹಸಿ ತೆಂಗಿನಕಾಯಿ ಒಡೆದಂಗೆ ಸದ್ದು ಮಾಡ್ತು. ಬಾಕ್ಸಿನ ಸೌಂಡು ಏರ್ತಾನೇ ಹೋತು. ಯಾರೋ ಏರಿಸಿದಂಗೆ. ಇವನ ಬಲಗಿವಿಯಾಗೆ ಏನೋ ಪಟ್ ಅಂತು.

ಹನ್ನೊಂದಕ್ಕೆ ನಿಂತ್ಕಂತು.

ಚಿಕ್ಕೀರಪ್ಪ ಬಾವಿ ಕಟ್ಟೆ ಮೇಲೆ ಮಗುಚಿ ಬಿದ್ದಿದ್ದ. ಆಗ ಎಡಗಿವಿಯಾಗೆ, ಉಸಿರು ತಾಗೋವಷ್ಟು ಹತ್ರ...

"ಅಣ್ಣ. ಈಗ ನಮ್ಮವ್ವಗೆ ಕೇಳಂಗೆ ಹೇಳು."

ಇಷ್ಟು ನಮ್ಮ ಮನೆಯಾಗೆ ಕುಂತು ಹೇಳಿದ. ನಾನೇನು ಅವನನ್ನ ತಬ್ಬಿ ಸಮಾಧಾನ ಮಾಡ್ಲಿಲ್ಲ. ಕಪಾಳಕ್ಕೆ ಎರಡು ಬಿಟ್ಟೆ. ಆಮೇಲೆ ಅತ್ತೆ. ಆಮೇಲೆ "ಏಳು, ನಡಿ" ಅಂದೆ. ನಮ್ಮ ಯಜಮಾನ್ರು ಜಂಬುಲಿಂಗಪ್ಪನೂ ಜೊತೆಗೆ ಬಂದ್ರು; ಅವರು ಬಾವಿ ಹತ್ರ ಹೆಣ ಕಾಯ್ಕಂಡು ನಿಂತು, ಪೊಲೀಸರಿಗೆ ಫೋನ್ ಮಾಡಿದ್ರು. ಗಾಡಿ ಒಂದೇ ಸಲಕ್ಕೆ ಶುರುವಾತು. ನಾನು ಪಕ್ಕದಾಗೆ ಕುಂತೆ. ನನ್ನ ಸೀಟಿನ ಮೇಲೆ ಚಿಕ್ಕೀರಪ್ಪನ ಟವಲ್ಲು ಇನ್ನೂ ಇತ್ತು.

ಹಟ್ಟಿ ಮುಟ್ಟಿದಾಗ ಇನ್ನೂ ಸರಿಯಾಗಿ ಬೆಳಗಾಗಿರ್ಲಿಲ್ಲ. ಸೂರಮ್ಮ ಎದ್ದು ಅಂಗಳ ಗುಡಿಸ್ತಿದ್ಲು. ಗೋವರ್ಧನ ಹೋಗಿ ಕಾಲಿಗೆ ಬಿದ್ದ. ಎಲ್ಲ ಹೇಳಿದ. ಆಕೆ ಅಳ್ಲಿಲ್ಲ, ಬೈಲಿಲ್ಲ. ಕಸಬರಿಗೆ ಕೆಳಗಿಟ್ಲು.

"ಆವತ್ತು ಹಟ್ಟಿಗೆಲ್ಲ ಕೇಳಂಗೆ ಹಾಕಿದ್ಯಲ್ಲಪ್ಪ. ಇವತ್ತು ನನ್ನ ಕಿವಿಯಾಗೆ ಯಾಕೆ ಹೇಳ್ತೀಯಾ? ಹೋಗು. ಅದರಾಗೇ ಹೇಳು. ಚೆಪ್ಪು, ನಾಯನಾ." ಹೇಳಪ್ಪ ಅಂತ, ತೆಲುಗಿನಾಗೆ; ಅದು ಅವರ ಮನೆಮಾತು.

ಗಾಡಿನ ರೊಪ್ಪದ ಮುಂದೆ, ಅದೇ ಜಾಗದಾಗೆ ನಿಲ್ಲಿಸಿದ. ವೈರ್ ಜೋಡಿಸಿದ. ಮೈಕು ಎರಡು ಸಲ ಕೈ ಜಾರಿ ಕೆಳಗೆ ಬಿತ್ತು. "ಅಮ್ಮ ಸೂರಮ್ಮ, ಕೇಳಿಸ್ಕೋ..." ಅಂದ. ಬಾಕ್ಸ್ ಎಂಟೂ ಮಾತಾಡಿದ್ವು. ಹಟ್ಟಿ ಬಾಗ್ಲು ಒಂದೊಂದೇ ತೆಕ್ಕಂಡ್ವು. ಚೊಂಬು ಹಿಡ್ಕಂಡಿದ್ದೋರು ಚೊಂಬು ಹಿಡ್ಕಂಡೇ ಬಂದ್ರು. ಪೈಪ್ ಹೇಳಿದ. ಹನ್ನೊಂದು ಏಟು ಹೇಳಿದ. ಚಿಕ್ಕೀರಪ್ಪನ ಹೆಸರು ಹೇಳಿದ. "ಬಾಲರಾಜ್ ಅವ್ವಾ ಅಂತ ಕೂಗಿದ, ನಾನು ಸೌಂಡ್ ಏರಿಸಿದೆ" ಅಂದ.

ಚಿಕ್ಕೀರಪ್ಪನ ಕಡೆಯೋರು ಸುಮ್ನಿರ್ತಾರಾ? ನಾಲ್ಕೈದು ಜನ ನುಗ್ಗಿದ್ರು. ಕೆಡವ್ಕಂಡು ಒದ್ರು. ಮುಖ ಊದೋ ಹಂಗೆ ಗುದ್ದಿದ್ರು. ನಾನು ಅಡ್ಡ ಹೋದ್ರೆ ನನ್ನ ಜುಟ್ಟು ಹಿಡಿದು ಆಚೆಗೆ ನೂಕಿದ್ರು. ಅವನು ಮೈಕ್ ಬಿಡ್ಲಿಲ್ಲ. ಅವನಿಗೆ ಬೀಳೋ ಏಟೂ ಬಾಕ್ಸಿನಾಗೆ ಕೇಳ್ತಿತ್ತು. ಧಪ್. ಧಪ್. ಸೂರಮ್ಮ ಮಧ್ಯಕ್ಕೆ ಬಂದು ನಿಂತ್ಲು.

"ಬಿಡ್ರಿ. ಅವನು ಮಾತು ಮುಗಿಸ್ಲಿ."

ಬಿಟ್ರು. ಅವನು ಬಿದ್ದಲ್ಲಿಂದಲೇ ಹೇಳಿದ. "ನಿನ್ನ ಮಗ ಯಾವ ತಪ್ಪೂ ಮಾಡಿಲ್ಲಮ್ಮ. ಎತ್ತು ತುಳೀಲಿಲ್ಲ."

ಆಗ ಸೂರಮ್ಮ ಅತ್ಲು. ಏಳು ತಿಂಗಳಿಂದ ತಡೆದಿದ್ದ ಅಳು. "ಬಾಲಾ, ನಿನ್ನ ಕೂಗು ಈಗ ಕೇಳ್ತಪ್ಪಾ..." ಅಂತ ರೊಪ್ಪದ ಬೇಲಿ ಹಿಡ್ಕಂಡು ಕುಸಿದ್ಲು. ಯಾರೂ ದೂರ ಹೋಗು ಅನ್ಲಿಲ್ಲ. ಗುಡಿಯ ಹಿರಿಯಜ್ಜನೇ ತಲೆವಸ್ತ್ರ ತೆಗೆದು ಆಕೆ ಮುಂದೆ ನೆಲಕ್ಕೆ ಹಣೆ ಹಚ್ಚಿದ.

ಪೈಪ್ ಪೊಲೀಸರ ಹತ್ರ ಐತೆ. ಗೋವರ್ಧನನ ಮೇಲೆ ಕೇಸ್ ಐತೆ, ಬಲಗಿವಿ ಹೋಗೈತೆ. ಬಾಕ್ಸೆಲ್ಲ ನಮ್ಮ ಹಿತ್ತಲಾಗೆ ಬಿದ್ದಾವೆ. ಬೇಕಾದ್ರೆ ಬೆಳಿಗ್ಗೆ ತೋರಿಸ್ತೀನಿ. ಬಾವಿ ಹತ್ರ ನಡೆದಿದ್ದು ನಾನು ಕಂಡಿಲ್ಲ, ಅವನು ಹೇಳಿದ್ದು. ಅವನೇ ಹೊಡೆದು ಸಾಯಿಸಿರ್ಬೇಕು ಅಂತ ನೀವು ಅಂದ್ರೂ ನಾನು ಜಗಳ ಆಡಲ್ಲ. ಆದ್ರೆ ಇದೊಂದು ನಾನು ಕೈಯಾರೆ ಮುಟ್ಟಿ ನೋಡಿದ್ದು.

ಜನ ಎಲ್ಲ ಸೂರಮ್ಮನ ಸುತ್ತ ಸೇರಿದ್ಮೇಲೆ, ಜನರೇಟರ್ ಆರಿಸೋಣ ಅಂತ ನಾನು ಗಾಡಿ ಹಿಂದಕ್ಕೆ ಹೋದೆ. ಬಿಸಿ ತಾಗ್ತೈತೆ ಅಂತ ಸೆರಗು ಕೈಗೆ ಸುತ್ಕಂಡಿದ್ದೆ. ಸದ್ದೇ ಇರ್ಲಿಲ್ಲ. ಅವನೂ ಶುರು ಮಾಡಿರ್ಲಿಲ್ಲ, ನಾನೂ ಮಾಡಿರ್ಲಿಲ್ಲ, ಇನ್ಯಾರೂ ಗಾಡಿ ಹತ್ತಿರ್ಲಿಲ್ಲ. ಸೆರಗು ಬಿಚ್ಚಿ, ಈ ಸುಟ್ಟ ಅಂಗೈನೇ ಇಟ್ಟು ನೋಡಿದೆ. ತಣ್ಣಗಿತ್ತು. ಮೇಲೆ ರಾತ್ರಿ ಬಿದ್ದ ಇಬ್ಬನಿ ಹಂಗೇ ಕುಂತಿತ್ತು.