ಎದೆಯ ಮೇಲಿನ ಮಟ್ಟಗೋಲು

ಹುಬ್ಬಳ್ಳಿಯಲ್ಲಿ ಹತ್ತಿ ಗಿರಣಿಯ ಶ್ರೀಮಂತನೊಬ್ಬನಿದ್ದ, ರಾಚಪ್ಪ ಹಂಚಿನಮನಿ ಅಂತ. ಫ್ರೀಮೇಸನ್ ಸಂಘದ ಸದಸ್ಯ. ಆ ಸಂಘದವರು ಗೋಡೆ ಕಟ್ಟುವವರ ಉಪಕರಣಗಳನ್ನೇ ಬಾಳಿನ ಪಾಠಗಳಿಗೆ ಗುರುತಾಗಿ ಇಟ್ಟುಕೊಂಡಿದ್ದಾರೆ. ಕಲ್ಲಿನ ಸಾಲು ಸಮವಾಗಿದೆಯೇ ಎಂದು ನೋಡುವ ಮಟ್ಟಗೋಲು ಇದೆಯಲ್ಲ, ಅದರ ಅರ್ಥ: ಇಲ್ಲಿ ಎಲ್ಲರೂ ಸಮ. ರಾಚಪ್ಪ ಆ ಸಂಘದ ಪದಾಧಿಕಾರಿ. ಸಭೆ ಸೇರಿದಾಗ ಬೆಳ್ಳಿಯ ಪುಟ್ಟ ಮಟ್ಟಗೋಲು ಅವನ ಎದೆಯ ಮೇಲೆ ತೂಗುತ್ತಿತ್ತು.

ಅದೇ ಸಂಘಕ್ಕೆ ದುರ್ಗಪ್ಪ ಎಂಬ ಶಾಲಾ ಮಾಸ್ತರ ಸೇರಿದ. ಊರು ದೂರ ಇಟ್ಟ ಕೇರಿಯಲ್ಲಿ ಹುಟ್ಟಿದವನು. ಸಭೆಯಲ್ಲಿ ರಾಚಪ್ಪ ಅವನನ್ನು ಅಪ್ಪಿಕೊಂಡು "ತಮ್ಮಾ" ಎಂದ. ಸುಳ್ಳಲ್ಲ ನೋಡಿ, ಮನಸ್ಸಿನಿಂದಲೇ ಎಂದ.

ಒಂದು ಮಧ್ಯಾಹ್ನ ರಾಚಪ್ಪನ ತಾಯಿ ಪೇಟೆಯಲ್ಲಿ ತಲೆಸುತ್ತಿ ಬಿದ್ದಳು. ಕಂಡ ದುರ್ಗಪ್ಪ ಅವಳನ್ನು ಎತ್ತಿ ಆಟೋದಲ್ಲಿ ಮನೆ ಮುಟ್ಟಿಸಿದ.

"ದೊಡ್ಡ ಉಪಕಾರ ಆತು, ಮಾಸ್ತರ," ಎಂದ ರಾಚಪ್ಪ.

ಮಾಸ್ತರ! ತಮ್ಮ ಅಲ್ಲ. ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ನಿಲ್ಲಿಸಿ ಬೇರೆ ಲೋಟದಲ್ಲಿ ನೀರು ಕಳಿಸಿದ.

ದುರ್ಗಪ್ಪ ಲೋಟ ಮುಟ್ಟಲಿಲ್ಲ. "ಅಲ್ಲೆ ತಮ್ಮಾ ಅಂತೀರಿ. ಇಲ್ಲೆ ನಾ ಯಾರ್ರಿ?" ಎಂದು ಕೇಳಿ ಹೊರಟುಹೋದ.

ಮುಂದಿನ ಸಭೆಗೆ ಅವನು ಬರಲಿಲ್ಲ. ಆ ದಿನ ಬೆಳ್ಳಿಯ ಗುರುತನ್ನು ಎದೆಗೆ ಹಾಕಿಕೊಳ್ಳಲು ರಾಚಪ್ಪನಿಗೆ ಕೈ ಬರಲಿಲ್ಲ. ಸಭೆಯಿಂದ ನೇರ ದುರ್ಗಪ್ಪನ ಮನೆಗೆ ಹೋದ.

"ತಪ್ಪಾತು. ನಿಮ್ಮ ಮನ್ಯಾಗ ಉಂಡು ಹೋಗ್ತೀನಿ," ಎಂದ.

ಬಾಗಿಲಲ್ಲಿ ನಿಂತಿದ್ದ ದುರ್ಗಪ್ಪನ ಹೆಂಡತಿ ಹೇಳಿದಳು: "ಇಲ್ಲೆ ಉಂಡ್ರ ನಿಮಗ ಹೆಸರು ಬರತೈತ್ರಿ. ನಮಗೇನು ಬರತೈತಿ? ನಿಮ್ಮ ಅಡಗಿಮನಿ ಬಾಗಲಾ ತೆಗೀರಿ. ಆಮ್ಯಾಲ ನೋಡೋಣು."

ರಾಚಪ್ಪ ಗಂಡ ಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದ. ಕರೆಯುವುದು ಸುಲಭವಾಗಿತ್ತೇ? ದುರ್ಗಪ್ಪನ ಕೈ ಹಿಡಿದು ಮನೆ ಸೇರಿದ ಆ ತಾಯಿಯೇ ಗೋಡೆ ಕಡೆ ಮುಖ ಮಾಡಿ ಮಲಗಿದಳು. "ಇನ್ನ ನಿನ್ನ ಹೊಸ್ತಲಾ ತುಳಿಯಂಗಿಲ್ಲ," ಎಂದು ಸ್ವಂತ ಅಣ್ಣ ಎದ್ದುಹೋದ. ಮತ್ತೆಂದೂ ತುಳಿಯಲೂ ಇಲ್ಲ. ಊಟಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು. ರಾಚಪ್ಪ ತನ್ನ ಅಡುಗೆಮನೆಯಲ್ಲಿ ದುರ್ಗಪ್ಪನ ಪಕ್ಕದಲ್ಲೇ ಕುಳಿತ. ರೊಟ್ಟಿ ಮುರಿದ. ಜೊತೆಗೇ ಉಂಡ.

ಈಗ, ಕೇಳುತ್ತ ಕುಳಿತವರೇ, ನಿಮ್ಮ ವಿಷಯಕ್ಕೆ ಬರೋಣ. ಸಭೆಯಲ್ಲಿ ಸಮಾನರಾಗುವುದು ಕಷ್ಟವಲ್ಲ. ಇಲ್ಲಿ ನೀವೂ ಒಂದೇ ಜಮಖಾನೆಯ ಮೇಲೆ ಕುಳಿತಿದ್ದೀರಿ. ಎದ್ದು ಹೋದ ಮೇಲೆ? ಪಕ್ಕದಲ್ಲಿ ಯಾರಿದ್ದಾರೆ, ಒಮ್ಮೆ ತಿರುಗಿ ನೋಡಿ. ಅವರು ನಿಮ್ಮ ಮನೆಯಲ್ಲಿ ಎಲ್ಲಿಯವರೆಗೆ ಬಂದಿದ್ದಾರೆ? ಗೇಟಿನವರೆಗೆ? ಪಡಸಾಲೆಯವರೆಗೆ? ಈ ವಾರ ಅವರನ್ನು ಊಟಕ್ಕೆ ಕರೆಯಿರಿ. ಪಕ್ಕದಲ್ಲೇ ಕೂರಿಸಿಕೊಳ್ಳಿ. ಮನೆಯಲ್ಲಿ ಯಾರಾದರೂ ಮುನಿಸಿಕೊಂಡಾರು. ಮುನಿಸಿಕೊಳ್ಳಲಿ. ನೀವು ಬಡಿಸಿ.